ಮೊದಲ ಸಾಲಿನ ಕುರ್ಚಿ

ನಾನು ಪಿಟೀಲು ಮೇಷ್ಟ್ರು. ಯಾರೇ ಪಿಟೀಲು ನುಡಿಸಲಿ, ಮೊದಲ ಸಾಲಿನಲ್ಲಿ ಕೂತು ಕೇಳಬೇಕು ನನಗೆ. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ಚರ್ಚೊಂದರಲ್ಲಿ ಲೂಯಿಸಿಯಾನದ ಮುದುಕರೊಬ್ಬರು ತಮ್ಮೂರಿನ ಕೇಜನ್ ಅನ್ನೋ ಜಾನಪದ ಶೈಲಿಯ ಪಿಟೀಲು ನುಡಿಸ್ತಾರೆ ಅಂತ ಗೊತ್ತಾಗಿ ಹೋದೆ. ಎಲ್ಲರೂ ಜೋಡಿಜೋಡಿಯಾಗಿ ಕುಣೀತಿದ್ದರು. ನಾನೊಬ್ಬನೇ ಅವರೆದುರಿಗೆ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ, ತೊಡೆ ಮೇಲೆ ತಾಳ ಹಾಕ್ತಾ ಕೂತೆ.

ಬ್ರೇಕಿನಲ್ಲಿ ಮುದುಕರು ನೇರವಾಗಿ ನನ್ನ ಹತ್ತಿರ ಬಂದರು.

"ಮಂಡಿ ನೋವಾ?"

"ಇಲ್ಲ, ಕೇಳ್ತಾ ಇದ್ದೆ."

"ಬರೀ ಕೇಳೋದಾ?" ಅವರ ಮುಖ ಸಪ್ಪಗಾಯಿತು. "ಹುಡುಗನಾಗಿದ್ದಾಗಿಂದ ನುಡಿಸ್ತಿದ್ದೀನಿ. ವಾರವೆಲ್ಲ ವೆಲ್ಡಿಂಗು, ಶನಿವಾರ ಪಿಟೀಲು. ಜನ ಕೂತರು ಅಂದ್ರೆ ಆವತ್ತು ನಾನು ಕೆಟ್ಟದಾಗಿ ನುಡಿಸಿದೆ ಅಂತ."

ಬ್ರೇಕು ಮುಗಿದಿದ್ದೇ ತಟ್ಟನೆ ಎದ್ದೆ. ನಾನು ಕುಣಿದದ್ದನ್ನು ವರ್ಣಿಸೋದು ಬೇಡ. ಅವರಂತೂ ನನ್ನ ಕಾಲನ್ನೇ ನೋಡ್ತಾ ಖುಷಿಯಾಗಿ ನುಡಿಸಿದರು.

ಮುಂದಿನ ತಿಂಗಳು ಸ್ಯಾನ್ ರಮೋನ್‌ನಲ್ಲಿ ನನ್ನ ಶಿಷ್ಯರ ಕಚೇರಿಗೆ ಅವರನ್ನು ಕರೆದು, ಮೊದಲ ಸಾಲಿನಲ್ಲೇ ಕೂರಿಸಿದೆ. ಮುಗಿದ ಕೂಡಲೇ ನನ್ನ ಕೈ ಹಿಡಿದುಕೊಂಡರು.

"ಪಾಪ, ಮಕ್ಕಳು ಎಷ್ಟು ಚೆನ್ನಾಗಿ ನುಡಿಸಿದರು! ಒಬ್ಬರಾದರೂ ಏಳಬಾರದಿತ್ತಾ?"

ಹಿಂದಿನ ಅರ್ಧ ಸಭೆ ಎದ್ದು ಆಗಲೇ ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತಿತ್ತು ಅಂತ ನಾನು ಹೇಳಲಿಲ್ಲ.