ಯಲ್ಲವ್ವ ಹೇಳದ ಮಾತು

ಟೆರೇಸಿನ ನೀರಿನ ಟಾಕಿಯ ಮುಚ್ಚಳ ತೆರೆದಿಟ್ಟು ಬಂದವಳು ನಾನು. ಯಲ್ಲವ್ವನಲ್ಲ. ಇಷ್ಟು ಹೇಳಲು ನನಗೆ ಎಷ್ಟೋ ಬೇಸಿಗೆಗಳು ಬೇಕಾದವು. ಹೇಳುವಾಗಲೂ ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿ ಬರುತ್ತಿದೆ — ಮೊದಲು ನನ್ನ ಮೇಲೆ, ಆಮೇಲೆ ನಮ್ಮ ಬಿಲ್ಡಿಂಗಿನ ಮೇಲೆ. ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನಿನಗಿದೆಯೇ ಎಂದು ನೀವು ಕೇಳಬಹುದು. ಇಲ್ಲ. ಆದರೂ ಬರುತ್ತಿದೆ.

ನಾವಿರುವುದು ಮುಂಬೈಯ ಬೊರಿವಲಿಯಲ್ಲಿ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವಳು ನಾನು, ಇಲ್ಲೇ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದೆ. ಏಪ್ರಿಲ್ ಬಂತೆಂದರೆ ನನಗೆ ಅಕ್ಕಿ ಸಂಡಿಗೆಯ ಹುಚ್ಚು. ನಸುಕಿನಲ್ಲೇ ಹಿಟ್ಟು ಕಾಯಿಸಿ, ಟೆರೇಸಿನಲ್ಲಿ ಹಳೆಯ ಸೀರೆ ಹಾಸಿ, ಚಮಚದಲ್ಲಿ ಒಂದೊಂದೇ ಬಿಡುತ್ತಿದ್ದೆ. “ಅಂಗಡಿಯಲ್ಲಿ ಪ್ಯಾಕೆಟ್ ಸಿಗ್ತದೆ ಮಾರಾಯ್ತಿ, ಈ ಬಿಸಿಲಲ್ಲಿ ಯಾಕೆ ಸಾಯ್ತಿ?” ಎಂದು ನನ್ನವರು ಗೊಣಗುತ್ತಿದ್ದರು. ಅವರ ಮಾತು ಕೇಳಿದ್ದರೆ — ಬಿಡಿ, ಅವರ ಮಾತನ್ನು ನಾನು ಯಾವತ್ತು ಕೇಳಿದ್ದೇನೆ?

ಟೆರೇಸಿನ ಕೀಲಿ ಇರುತ್ತಿದ್ದದ್ದು ಯಲ್ಲವ್ವನ ಹತ್ತಿರ. ವಿಜಯಪುರದ ಕಡೆಯವಳು, ಮುಂಬೈಗೆ ಬಂದು ವರ್ಷವೂ ಆಗಿರಲಿಲ್ಲ. ಮೆಟ್ಟಿಲು ಗುಡಿಸಿ ಒರೆಸುವ ಕೆಲಸ. ಅದಕ್ಕೆ ಪ್ರತಿಯಾಗಿ ಕೆಳಗೆ ಪಂಪಿನ ಕೋಣೆಯ ಮಗ್ಗುಲಲ್ಲಿ ಒಂದು ಗೂಡಿನಂಥ ಜಾಗ, ಅಲ್ಲಿ ಅವಳು ಮತ್ತು ಮಗಳು. ಗಂಡ ಪನ್ವೇಲ್ ಕಡೆ ಕಟ್ಟಡದ ಕೆಲಸದಲ್ಲಿ ಇದ್ದ, ಯಾವಾಗಲೋ ಒಮ್ಮೆ ಬಂದು ಹೋಗುತ್ತಿದ್ದ. ಇಡೀ ಬಿಲ್ಡಿಂಗಿನಲ್ಲಿ ಕನ್ನಡ ಬಲ್ಲವರು ನಾವು ಮಾತ್ರ. ಹಾಗಾಗಿ ಪಂಪ್ ಹಾಳಾದರೂ, ಮಗಳಿಗೆ ಜ್ವರ ಬಂದರೂ “ಅಕ್ಕಾರ” ಎಂದು ಮೂರನೆಯ ಮಹಡಿಗೆ ಓಡಿ ಬರುತ್ತಿದ್ದಳು. ಅವಳ ಬಾಯಿ ನಾನೇ ಆಗಿದ್ದೆ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು ಕೂಡ — ಎಂಥ ಹೆಮ್ಮೆಯೋ!

ಸಂಡಿಗೆ ಹಾಕಿದವರಿಗೆ ಗೊತ್ತು, ಒಣಗಿದ ಮೇಲೆ ಅದು ಸುಮ್ಮನೆ ಬಟ್ಟೆ ಬಿಟ್ಟು ಬರುವುದಿಲ್ಲ. ಸೀರೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಬೇಕು. ಆ ವರ್ಷ ನೀರಿನ ಕಟ್ ಶುರುವಾಗಿತ್ತು, ಟೆರೇಸಿನ ನಲ್ಲಿಯಲ್ಲಿ ಒಂದು ಹನಿಯೂ ಇರಲಿಲ್ಲ. ಮನೆಗಿಳಿದು ಒಂದು ತಂಬಿಗೆ ನೀರು ತರಬಹುದಿತ್ತು. ಸೋಮಾರಿತನ. ಟಾಕಿಯನ್ನು ಯಾರೂ ಮುಟ್ಟಕೂಡದೆಂದು ನಮ್ಮ ಬಿಲ್ಡಿಂಗಿನ ಸೊಸೈಟಿಯ ನಿಯಮ. ಆ ನಿಯಮಕ್ಕೆ ಕಮಿಟಿಯಲ್ಲಿ ಕೈಯೆತ್ತಿದವರಲ್ಲಿ ನಾನೂ ಒಬ್ಬಳು. ಸೆರಗಿನಿಂದ ಹಿಡಿದು ಕಬ್ಬಿಣದ ಮುಚ್ಚಳ ಸರಿಸಿದೆ, ತಂಬಿಗೆ ಅದ್ದಿದೆ. ಮುಚ್ಚುವಾಗ ಸೆರಗು ಜಾರಿ ಬೆರಳಿಗೆ ಬರೆ ಎಳೆದ ಹಾಗಾಯಿತು, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕಾದ ಕಬ್ಬಿಣ ಅದು. ಕಾಲಿನಿಂದ ಅರ್ಧ ತಳ್ಳಿ, ಬಿಸಿಲಿಳಿದ ಮೇಲೆ ಬಂದು ಮುಚ್ಚಿದರಾಯಿತು ಎಂದುಕೊಂಡು ಸಂಡಿಗೆ ಬಾಚಿಕೊಂಡು ಇಳಿದೆ. ಕೀಲಿಯನ್ನು ನನ್ನ ಅಡಿಗೆಮನೆಯ ಮೊಳೆಗೆ ನೇತು ಹಾಕಿದೆ. ಮಜ್ಜಿಗೆ ಕುಡಿದು ಫ್ಯಾನಿನ ಕೆಳಗೆ ಮಲಗಿದವಳಿಗೆ ಮುಚ್ಚಳದ ನೆನಪು ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ.

ನೆನಪಾದದ್ದು ನಲ್ಲಿಯ ನೀರು ನಾರತೊಡಗಿದಾಗ. ಸೊಸೈಟಿ ಸೆಕ್ರೆಟರಿಯ ಹತ್ತಿರವಿದ್ದ ಇನ್ನೊಂದು ಕೀಲಿ ತೆಗೆದುಕೊಂಡು ಪ್ಲಂಬರ್ ಹತ್ತಿ ನೋಡಿ ಸತ್ತ ಪಾರಿವಾಳವನ್ನು ಕೋಲಿನಲ್ಲಿ ಎತ್ತಿ ತಂದ. ಎರಡು ಮನೆಗಳಲ್ಲಿ ಮಕ್ಕಳಿಗೆ ವಾಂತಿ. ಅಷ್ಟು ಹೊತ್ತಿಗೆ ಬಿಲ್ಡಿಂಗಿನವರು ಅಪರಾಧಿಯನ್ನು ಹುಡುಕಿಯೂ ಆಗಿತ್ತು. ಹುಡುಕುವುದೇನು ಬಂತು, ಕೈಗೆ ಸಿಕ್ಕವಳು ಒಬ್ಬಳಿದ್ದಳಲ್ಲ! ಕೆಳಗಿನ ನಲ್ಲಿಯಲ್ಲಿ ನೀರಿಲ್ಲ, ಕೀಲಿ ಅವಳ ಹತ್ತಿರ, ಹಾಗಾದರೆ ಟಾಕಿಯಿಂದ ಕದ್ದವಳು ಅವಳೇ. “ಯೇ ಲೋಗ್ ಐಸೇ ಹೀ ಹೋತೇ ಹೈ” ಎಂದರು ಒಬ್ಬರು, ಈ ಜನವೇ ಹೀಗೆ ಎಂದು. ಈ ಜನ ಎಂದರೆ ಯಾವ ಜನ? ಅವರ ಮನೆಯ ಕಸ ದಿನಾ ಹೊತ್ತು ಇಳಿಸುತ್ತಿದ್ದ ಜನ. ಇದನ್ನು ನಾನು ಅಂದೇ ಕೇಳಬೇಕಿತ್ತು. ಕೇಳಲಿಲ್ಲ, ನನ್ನ ಬೆರಳಿನ ಗುಳ್ಳೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದೆ.

ಪಾರ್ಕಿಂಗಿನಲ್ಲಿ ಮೀಟಿಂಗ್ ಸೇರಿತು. ಯಲ್ಲವ್ವನನ್ನು ನಡುವೆ ನಿಲ್ಲಿಸಿದರು. ಸೆಕ್ರೆಟರಿ ನನ್ನತ್ತ ತಿರುಗಿ, “ಭಾಭಿ, ಆಪ್ ಪೂಛೋ ಇಸ್ಕೋ” ಎಂದ. ನಾನು ಕನ್ನಡದಲ್ಲಿ ಅವಳನ್ನು ಕೇಳಿದೆ. ಅವಳು ಅಳಲಿಲ್ಲ, ಹೆದರಲೂ ಇಲ್ಲ. ನಾನಿದ್ದೇನಲ್ಲ ಎಂಬ ಧೈರ್ಯ.

“ಮುಚ್ಚಳ ಯಾರು ತಗದ್ರೋ ನನಗ ಗೊತ್ತಿಲ್ರಿ ಅಕ್ಕಾರ. ಅವತ್ತ ಕೀಲಿ ನೀವ ಒಯ್ದಿದ್ರಿ ಅಲ್ಲರಿ, ಇನ್ನೂ ನಿಮ್ಮ ಮನ್ಯಾಗ ಐತಿ. ನಾ ಮ್ಯಾಲ ಹೋಗೇ ಇಲ್ಲ. ಇಷ್ಟ ಅವರಿಗೆ ಹೇಳ್ರಿ.”

ಇಷ್ಟೇ ಹೇಳಬೇಕಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಮಿಟಿಯವಳು, ಬ್ಯಾಂಕಿನವಳು, ಎಲ್ಲರಿಗೂ ಶಿಸ್ತು ಹೇಳುವವಳು — ಇವರೆದುರು ನಾನು... ನಾನು ಸೆಕ್ರೆಟರಿಗೆ ಹೇಳಿದೆ, “ಒಪ್ಪಿಕೊಂಡಳು. ನೀರಿಗಾಗಿ ತೆಗೆದಳಂತೆ, ಮುಚ್ಚಲು ಮರೆತಳಂತೆ.”

ಇದನ್ನು ಹೇಳಿದ್ದು ಇಂಗ್ಲಿಷಿನಲ್ಲಿ. ಹಿಂದಿಯಲ್ಲಿ ಹೇಳಿದರೆ ಅವಳಿಗೆ ಅಷ್ಟಿಷ್ಟು ತಿಳಿದೀತು ಎಂಬ ಲೆಕ್ಕಾಚಾರ ಆ ಕ್ಷಣದಲ್ಲೂ ನನಗಿತ್ತು. ಬಾಯಿ ತಪ್ಪಿ ಬಂತು ಎಂದು ಯಾರಾದರೂ ನನ್ನ ಪರವಾಗಿ ಹೇಳಲು ಬಂದರೆ ನಂಬಬೇಡಿ. ಬಾಯಿ ತಪ್ಪಿ ಬಂದ ಮಾತು ಭಾಷೆ ಆರಿಸಿಕೊಂಡು ಬರುವುದಿಲ್ಲ.

ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಮಗಳ ಪರೀಕ್ಷೆ ಮುಗಿದಿರಲಿಲ್ಲ, ಮುನ್ಸಿಪಾಲ್ಟಿ ಶಾಲೆಯ ಹುಡುಗಿ. ಅದನ್ನಾದರೂ ಹೇಳಿ ಮುಗಿಯುವ ತನಕ ಇರಲಿ ಎನ್ನಬಹುದಿತ್ತು. ಅದನ್ನೂ ಹೇಳಲಿಲ್ಲ. ಯಲ್ಲವ್ವ ಟ್ರಂಕು ಕಟ್ಟಿ, ಗೇಟಿನ ಹತ್ತಿರ ನನ್ನನ್ನು ಕಂಡು ನಿಂತಳು. ಉಗಿಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡಳು.

“ನೀವೊಬ್ಬರರ ನನ್ನ ಪರವಾಗಿ ಮಾತಾಡಿದ್ರಿ ಅಕ್ಕಾರ. ಅವರು ಕೇಳಲಿಲ್ಲ, ಅದಕ್ಕ ನೀವರ ಏನ್ ಮಾಡ್ತೀರಿ?”

“ಹುಷಾರಾಗಿರು” ಎಂದೆ. ಥೂ.

ಆಮೇಲೆ ಸಂಡಿಗೆ ಹಾಕಿಲ್ಲ ಎಂದು ಬರೆದರೆ ದೊಡ್ಡ ಪ್ರಾಯಶ್ಚಿತ್ತ ಮಾಡಿದಂತೆ ಕಾಣುತ್ತದೆ. ಹಾಕಿದ್ದೇನೆ, ತಿಂದೂ ಇದ್ದೇನೆ. ಮನುಷ್ಯರು ಇಂಥದ್ದನ್ನೂ ಅರಗಿಸಿಕೊಳ್ಳುತ್ತಾರೆ, ನನ್ನನ್ನೇ ನೋಡಿ. ಈ ವರ್ಷ ನನ್ನವರು ತೀರಿಕೊಂಡರು. ಹೋಗುವ ಮುಂಚೆ ಒಂದು ದಿನ, “ಆ ಯಲ್ಲವ್ವ ಎಲ್ಲಿದ್ದಾಳೋ ಏನೋ, ಪಾಪ, ಒಳ್ಳೆ ಹೆಂಗಸು” ಎಂದರು. ಅವರಿಗೂ ನಾನು ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಕಳೆದ ಭಾನುವಾರ ಮೀಟಿಂಗ್ ಇತ್ತು, ಅದೇ ಪಾರ್ಕಿಂಗಿನಲ್ಲಿ, ಅದೇ ಉರಿ ಸೆಕೆಯಲ್ಲಿ. ಸೆಕ್ರೆಟರಿಯೂ ಅವನೇ, ತಲೆ ಬೆಳ್ಳಗಾಗಿದೆ ಅಷ್ಟೆ. ಎದ್ದು ನಿಂತು ಹಿಂದಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದೆ: ಮುಚ್ಚಳ ತೆಗೆದದ್ದು ನಾನು, ಯಲ್ಲವ್ವ ಒಪ್ಪಿಕೊಂಡಳೆಂದು ನಾನು ಹೇಳಿದ್ದು ಸುಳ್ಳು, ನಿಮ್ಮ ಮಕ್ಕಳ ವಾಂತಿಗೆ ನಾನೇ ಕಾರಣ. ಅವಳನ್ನು ಹುಡುಕಬೇಕು, ಈ ಸೊಸೈಟಿ ಅವಳ ಕ್ಷಮೆ ಕೇಳಬೇಕು ಎಂದೆ.

ಯಾರಾದರೂ ಬೈಯುತ್ತಾರೆಂದು ಕಾದೆ. ಅಂದು ವಾಂತಿ ಮಾಡಿದ ಮಗುವಿನ ತಾಯಿ ಅಲ್ಲೇ ಕೂತಿದ್ದಳು, ಆ ದಿನ ಯಲ್ಲವ್ವನ ಮೇಲೆ ಕೈಯೆತ್ತಲು ಹೋದವಳು. ಅವಳು ನಕ್ಕಳು. “ಅರೇ ಆಂಟಿ, ಇತ್ನೀ ಪುರಾನೀ ಬಾತ್!” ಎಂದಳು, ಇಷ್ಟು ಹಳೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂಬರ್ಥದಲ್ಲಿ. ಪಾಪ, ಗಂಡ ಹೋದ ದುಃಖ ಎಂದು ಯಾರೋ ಪಿಸುಗುಟ್ಟಿದರು. ಈ ಮುಂಬೈಯಲ್ಲಿ ಅವಳನ್ನು ಎಲ್ಲಿಂದ ಹುಡುಕುವುದು ಎಂದು ಸೆಕ್ರೆಟರಿ ಕೈ ಕೊಡವಿದ. “ಹುಡುಕಿ! ಹೊರಗೆ ಹಾಕುವಾಗ ಒಂದು ಗಂಟೆ ಸಾಕಾಯಿತಲ್ಲ ನಿಮಗೆ!” ಎಂದು ನಾನು ಕಿರುಚಿದೆ, ಕನ್ನಡದಲ್ಲೇ. ಯಾರಿಗೂ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಅಲ್ಲಿ ಇನ್ನೊಬ್ಬರು ಇರಲಿಲ್ಲ.

ಅದೇ ಟಾಕಿ, ಅದೇ ತಪ್ಪು. ಅವಳನ್ನು ನಡುಮಧ್ಯೆ ನಿಲ್ಲಿಸಿ, ಮಗಳೊಂದಿಗೆ ಬೀದಿಗೆ ತಳ್ಳಿದ ಅದೇ ಜನ ನನಗೆ ತಣ್ಣನೆಯ ನೀರು ತಂದುಕೊಟ್ಟರು, ಫ್ಯಾನ್ ನನ್ನ ಕಡೆ ತಿರುಗಿಸಿದರು, ಕುರ್ಚಿ ಎಳೆದು, “ಬೈಠೋ ಆಂಟಿ, ಬೈಠೋ” ಎಂದರು.

ನಾನು ಕೂತೆ.