ಹೊಳೆನರಸೀಪುರದವರ ಕೋಣೆ

ಮಸ್ಕತ್‌ನಲ್ಲಿ ನಾನು ಕೆಲಸಕ್ಕಿದ್ದದ್ದು ವೃದ್ಧರ ಆರೈಕೆ ಮನೆಯೊಂದರಲ್ಲಿ. ತಾವಾಗಿ ಎದ್ದು ಕೂರಲಾರದ ಹನ್ನೊಂದು ಜನ ಅಲ್ಲಿದ್ದರು. ಅವರನ್ನು ಹೊರಳಿಸುವುದು, ಎತ್ತುವುದು, ಸ್ನಾನ ಮಾಡಿಸುವುದು ನಮ್ಮ ಪಾಲಿನ ಕೆಲಸ. ಒಂದು ಬೆಳಿಗ್ಗೆ ಭಾರವಾದ ಒಬ್ಬ ಅಜ್ಜಿಯನ್ನು ಕುರ್ಚಿಯಿಂದ ಮಂಚಕ್ಕೆ ಎತ್ತುವಾಗ ನನ್ನ ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಅಜ್ಜಿಯನ್ನು ಹೇಗೋ ಮಲಗಿಸಿ ಗೋಡೆಗೆ ಒರಗಿ ನಿಂತೆ. ಉಸಿರು ಒಳಕ್ಕೆ ಎಳೆದುಕೊಳ್ಳುವುದಕ್ಕೂ ಭಯವಾಗುತ್ತಿತ್ತು.

ಯಾರಿಗೂ ಹೇಳಲಿಲ್ಲ. ನಾನು ಸೇರುವ ಮೊದಲು ಸೊಂಟ ನೋವೆಂದು ರಜೆ ಕೇಳಿದ ಒಬ್ಬಳನ್ನು ಟಿಕೆಟ್ ಕೊಟ್ಟು ಊರಿಗೆ ಕಳಿಸಿದ್ದರಂತೆ. ಅದು ನಿಜವೋ ಸುಳ್ಳೋ ಗೊತ್ತಿಲ್ಲ, ಆದರೆ ನಾವೆಲ್ಲ ನಂಬಿದ್ದೆವು. ಕೊಣನೂರಿನ ಹತ್ತಿರದ ನನ್ನ ಊರಿನಲ್ಲಿ ಮಗಳು ಓದುತ್ತಿದ್ದಳು. ಬರಿಗೈಯಲ್ಲಿ ವಾಪಸು ಹೋಗುವ ಹಾಗಿರಲಿಲ್ಲ.

ವಾರದ ರಜೆಯಲ್ಲಿ ಗುಟ್ಟಾಗಿ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನನ್ನ ಬೆನ್ನು ಮುಟ್ಟಲೇ ಇಲ್ಲ. ಇಂಜೆಕ್ಷನ್ ಬರೆದರು, ಮೂರು ವಾರ ಭಾರ ಎತ್ತಬೇಡ ಎಂದು ಚೀಟಿ ಕೊಟ್ಟರು. ಆ ಚೀಟಿಯನ್ನು ಯಾರಿಗೆ ತೋರಿಸಲಿ? ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಮರುದಿನ ಮತ್ತೆ ಅಜ್ಜಿಯನ್ನು ಎತ್ತಿದೆ.

ನನ್ನ ಕೋಣೆಯಲ್ಲೇ ಚನ್ನರಾಯಪಟ್ಟಣದ ಕಡೆಯ ಒಬ್ಬಳಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು, ಅಕ್ಕ ಎನ್ನುತ್ತಿದ್ದಳು. ನನ್ನ ನೋವು ಗೊತ್ತಿದ್ದದ್ದು ಅವಳೊಬ್ಬಳಿಗೇ. ಬೆಳಿಗ್ಗೆ ನಾನು ಬಗ್ಗಲಾರದೆ ನಿಂತರೆ ಕಾಲಿಗೆ ಶೂ ಹಾಕಿ ದಾರ ಕಟ್ಟುತ್ತಿದ್ದಳು. ಎತ್ತುವ ಕೆಲಸ ಬಂದಾಗ "ನೀ ಸುಮ್ನೆ ಕೈ ಹಿಡ್ಕೊಂಡಂಗೆ ಮಾಡಕ್ಕ, ನಾನ್ ಎತ್ತೀನಿ" ಎಂದು ಭಾರವನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. ಅವಳ ಬೆನ್ನು ಹೋಗಿದ್ದು ಹಾಗೆ. ಅದನ್ನು ನಾನು ಅರ್ಥ ಮಾಡಿಕೊಂಡದ್ದು ತಡವಾಗಿ.

ತರಕಾರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಮೂಳೆ ಸರಿಮಾಡುವವರೊಬ್ಬರಿದ್ದಾರೆ ಎಂದು ಅಂಗಡಿಯವನೇ ಹೇಳಿದ. ಹೋದೆ. ಐವತ್ತು ದಾಟಿದ ಗಂಡಸು, ಬಿಳಿ ಬನಿಯನ್ನು, ಹಣೆಯಲ್ಲಿ ವಿಭೂತಿ. ನನ್ನ ಹಿಂದಿ ಕೇಳಿ ನಕ್ಕು ಕನ್ನಡದಲ್ಲೇ ಕೇಳಿದರು.

"ಯಾವೂರ್ ಕಣವ್ವಾ?"

ಹೇಳಿದೆ.

"ಅಯ್ಯೋ, ಕೊಣನೂರ್ ಸಂತೇಲಿ ನಮ್ಮಪ್ಪ ಎತ್ತು ತಕ್ಕೊಂಡೋನು! ನಂದು ಹೊಳೆನರಸೀಪುರ. ನಮ್ ಕಡೆ ಎಣ್‌ಮಗ್ಳು ಇಲ್ಲಿ ಬಂದು ಸ್ವಂಟ ಇಡ್ಕೊಂಡು ಅಳ್ತಾವ್ಳಲ್ಲಪ್ಪಾ!"

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಆ ಮಾತು ಕೇಳಿದ ಮೇಲೆ ಅತ್ತೆ. ಅವರು ಏನು ಓದಿದ್ದಾರೆ, ಎಲ್ಲಿ ಕಲಿತಿದ್ದಾರೆ, ಒಂದನ್ನೂ ಕೇಳಲಿಲ್ಲ. ನಮ್ಮ ಊರಿನ ಮಾತಾಡುವವರು ನನಗೆ ಕೆಡುಕು ಮಾಡಲಾರರು ಎಂದುಕೊಂಡೆ. ಎಣ್ಣೆ ಹಚ್ಚಿ ತಿಕ್ಕಿದರು, ಕಾಲು ಮಡಚಿ ಒಂದು ಸಲ ಜಗ್ಗಿದರು. ಲಟಕ್ಕೆಂದಿತು. ಎದ್ದು ನಿಂತರೆ ನೋವು ಅರ್ಧ ಹೋಗಿತ್ತು. ಎರಡು ತಿಂಗಳು ಚೆನ್ನಾಗಿಯೇ ಇದ್ದೆ. ಅವರು ಮೋಸಗಾರರೆಂದು ಇವತ್ತಿಗೂ ಬಾಯಿಬಿಟ್ಟು ಹೇಳಲಾರದೆ ಹೋಗುವುದು ಆ ಎರಡು ತಿಂಗಳ ಕಾರಣಕ್ಕೆ.

ಆಮೇಲೆ ನನ್ನ ಕೋಣೆಯವಳಿಗೆ ಶುರುವಾಯಿತು. ನೋವು ಸೊಂಟದಿಂದ ಇಳಿದು ಎಡಗಾಲಿನ ಹಿಂಭಾಗಕ್ಕೆ ಬರುತ್ತಿತ್ತು. ಹೆಬ್ಬೆರಳು ಜೋಮು ಹಿಡಿದಂತಿದೆ, ಚಿವುಟಿದರೂ ತಿಳಿಯುತ್ತಿಲ್ಲ ಎಂದಳು. ಜೋಮು ತಾನೇ ಎಂದೆ. ಹೊಳೆನರಸೀಪುರದವರ ಹತ್ತಿರ ಹೋಗೋಣ ಎಂದವಳೂ ನಾನೇ.

"ನಂಗ್ಯಾಕೋ ಎದ್ರಿಕೆ ಆಯ್ತದೆ ಕಣಕ್ಕ. ಡಾಕ್ಟ್ರಿಗೇ ತೋರ್ಸಾನ."

"ಡಾಕ್ಟ್ರು ಬೆನ್ನೂ ಮುಟ್ಟಲ್ಲ ಕಣೆ. ನಂಗೆ ವಾಸಿ ಆಗ್ನಿಲ್ವಾ?"

ಮಧ್ಯಾಹ್ನ ಹೋದೆವು. ಅವಳನ್ನು ಚಾಪೆಯ ಮೇಲೆ ಬೋರಲು ಮಲಗಿಸಿದರು. ನಾನು ತಲೆಯ ಹತ್ತಿರ ಕೂತು ಅವಳ ಕೈ ಹಿಡಿದುಕೊಂಡೆ. ಅವರು ಅವಳ ಸೊಂಟದ ಮೇಲೆ ಮೊಣಕಾಲೂರಿ ಎರಡು ಭುಜವನ್ನೂ ಹಿಂದಕ್ಕೆ ಎಳೆಯತೊಡಗಿದರು. "ಬ್ಯಾಡ, ಬುಡಿ, ಬುಡಿ" ಎಂದಳು. ಅವರು ಕೈ ಸಡಿಲಿಸಿ ನನ್ನ ಮುಖ ನೋಡಿದರು. ಅವಳೂ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು.

ನಾನು ಹೇಳಿದೆ: "ಒಸಿ ತಡ್ಕೊ."

ಅವರು ಮತ್ತೆ ಎಳೆದರು. ಅವಳು ಕಿರುಚಲಿಲ್ಲ. ನನ್ನ ಅಂಗೈಯಲ್ಲಿದ್ದ ಅವಳ ಬೆರಳುಗಳು ಒಮ್ಮೆ ಬಿಗಿದು ಸುಮ್ಮನಾದವು.

ಹಿಂದಿರುಗುವಾಗ ಅವಳ ಎಡಗಾಲಿನ ಚಪ್ಪಲಿ ಮತ್ತೆ ಮತ್ತೆ ಕಳಚಿ ಬೀಳುತ್ತಿತ್ತು. ಪಾದ ಮೇಲಕ್ಕೆ ಏಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಉಚ್ಚೆ ಹೋದದ್ದೇ ತಿಳಿಯಲಿಲ್ಲ ಎಂದು ಒದ್ದೆಯಾದ ಹಾಸಿಗೆಯ ಮೇಲೆ ಕೂತು ನನ್ನನ್ನು ನೋಡಿದಳು. ಆಗ ಸೂಪರ್‌ವೈಸರ್ ಬಳಿಗೆ ಓಡಿದೆ. ಆಂಬುಲೆನ್ಸ್ ಬಂತು. ಅದೇ ದಿನ ಆಪರೇಷನ್ ಆಯಿತು. ಡಿಸ್ಕ್ ಮೊದಲೇ ಜಾರಿತ್ತು, ಆತ ಎಳೆದದ್ದರಿಂದಲೇ ಹೀಗಾಯಿತೋ, ಎಳೆಯದಿದ್ದರೂ ಆಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಅದಕ್ಕಿಂತ ನೇರವಾಗಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಉಚ್ಚೆಯ ತೊಂದರೆ ನಿಧಾನವಾಗಿ ಸರಿಹೋಯಿತು. ಪಾದ ಸರಿಹೋಗಲಿಲ್ಲ. ಅವಳು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿ ಊರಿಗೆ ಹೋದಳು. ನಾನು ತರಕಾರಿ ಅಂಗಡಿಗೆ ಹೋದರೆ ಹಿಂದಿನ ಕೋಣೆಗೆ ಬೀಗ. ಖಾಲಿ ಮಾಡಿಕೊಂಡು ಹೋದರಂತೆ. ಕಿಟಕಿಯಿಂದ ಇಣುಕಿದೆ. ಚಾಪೆ ಮಾತ್ರ ಸುತ್ತಿ ಮೂಲೆಯಲ್ಲಿ ನಿಲ್ಲಿಸಿತ್ತು.

ಅದಾದ ಮೇಲೆ ನನ್ನ ನೋವು ಮೊದಲಿಗಿಂತ ಜೋರಾಗಿ ಬಂತು. ಯಾರ ಕೈಯನ್ನೂ ಬೆನ್ನ ಮೇಲೆ ಇಡಿಸಿಕೊಳ್ಳುವ ಧೈರ್ಯವಿರಲಿಲ್ಲ. ನಮ್ಮ ಆರೈಕೆ ಮನೆಗೆ ವಾರಕ್ಕೆರಡು ಸಲ ಫಿಲಿಪ್ಪೀನ್ಸ್‌ನ ಒಬ್ಬ ಫಿಸಿಯೋಥೆರಪಿಸ್ಟ್ ಬರುತ್ತಿದ್ದಳು. ನಾನು ಕುರ್ಚಿ ಹಿಡಿದು ಏಳುವುದನ್ನು ಕಂಡು ಒಂದು ದಿನ ಅವಳೇ ಕರೆದಳು. ನನ್ನ ಹರಕು ಇಂಗ್ಲಿಷು, ಅವಳ ಕೈಸನ್ನೆ. ಮೈ ಮುಟ್ಟುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ. ಜ್ವರ ಬರುತ್ತದೆಯೇ? ಮೂತ್ರ ಹಿಡಿದುಕೊಳ್ಳಲು ಕಷ್ಟವೇ? ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯೇ? ಎಲ್ಲಾದರೂ ಮುಟ್ಟಿದ್ದು ತಿಳಿಯದ ಹಾಗೆ ಜೋಮು ಹಿಡಿದಿದೆಯೇ?

ಆ ಕೊನೆಯ ಪ್ರಶ್ನೆಗೆ ನನ್ನ ಕೋಣೆಯವಳ ಹೆಬ್ಬೆರಳು ನೆನಪಾಯಿತು. ಫಿಸಿಯೋಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೇಳಿಸಿಕೊಂಡಳು, ಸಮಾಧಾನ ಮಾಡಲಿಲ್ಲ. "ಜೋಮಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕಿತ್ತು" ಎಂದಷ್ಟೇ ಹೇಳಿದಳು. ಅವಳನ್ನು ನಾನು ನಂಬಿದ್ದು ಆಗ. ವಾಸಿಮಾಡುತ್ತೇನೆಂದು ಮಾತು ಕೊಡುವುದಿಲ್ಲ, ಎರಡು ತಿಂಗಳು ಹೇಳಿದ ಹಾಗೆ ಮಾಡು, ನೋಡೋಣ ಎಂದಳು. ಸೂಪರ್‌ವೈಸರ್‌ಗೂ ಅವಳೇ ತಿಳಿಸಿದಳು. ನನ್ನನ್ನು ಊರಿಗೆ ಕಳಿಸಲಿಲ್ಲ. ಸ್ಟೋರಿನಲ್ಲಿ ದೂಳು ಹಿಡಿದಿದ್ದ ರೋಗಿ ಎತ್ತುವ ಯಂತ್ರವನ್ನು ಹೊರಗೆ ತೆಗೆದರು. ನಾನು ಮೊದಲೇ ಬಾಯಿಬಿಟ್ಟಿದ್ದರೆ ಅದು ಮೊದಲೇ ಹೊರಗೆ ಬರುತ್ತಿತ್ತೇನೋ.

ಸೊಂಟ ಮುಕ್ಕಾಲು ಪಾಲು ಸರಿಯಾಯಿತು. ಆದರೆ ಯಾವ ಅಜ್ಜಿಯ ಕೈ ಹಿಡಿದರೂ ಆ ಬೆರಳುಗಳು ಬಿಗಿಯುವುದನ್ನೇ ಕಾಯುತ್ತಿದ್ದೆ. ಯಾರಾದರೂ ನೋವೆಂದರೆ ತಡೆದುಕೊಳ್ಳಿ ಎನ್ನಲು ನಾಲಗೆ ಏಳುತ್ತಿರಲಿಲ್ಲ, ಮಾಡುತ್ತಿದ್ದ ಕೆಲಸ ನಿಲ್ಲಿಸಿ ನಿಂತುಬಿಡುತ್ತಿದ್ದೆ.

ರಜೆಗೆ ಬಂದಾಗ ಹಾಸನದಲ್ಲಿ ಬಸ್ಸಿಳಿದವಳು ಊರಿಗೆ ಹೋಗದೆ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮೋಟರು ಹಾಕಿಸಿದ ಮಿಷನ್ನು, ಬಲಗಾಲಿನಲ್ಲಿ ಒತ್ತುತ್ತಿದ್ದಳು. ಎಡಗಾಲಿಗೆ ಪಾದ ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಕಾಫಿ ತಾನೇ ಮಾಡಿ ತಂದಳು.

"ಸ್ವಂಟ ಎಂಗೈತಕ್ಕ ಈಗ?" ಎಂದು ಅವಳೇ ಮೊದಲು ಕೇಳಿದಳು.

ವಿಮಾನದಲ್ಲಿ, ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ಅವತ್ತು ತಡ್ಕೊ ಅಂದೋಳು ನಾನು. ಅದು ನಿಂಗೆ ಗ್ಯಾಪ್ಕ ಐತಾ?" ಎಂದೆ.

ಅವಳು ರವಿಕೆಯ ತೋಳು ಮಡಿಸಿ ಪಕ್ಕಕ್ಕಿಟ್ಟಳು.

"ಐತೆ ಕಣಕ್ಕ. ನೀ ಕೈ ಇಡ್ಕೊಂಡಿದ್ದೆ. ಅದ್ಕೇ ನಾನು ಎದ್ದು ಓಡ್ನಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ನಾನು ಅತ್ತಾಗ ತಡೆಯಲೂ ಇಲ್ಲ. ಆಮೇಲೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ತೋರಿಸು ಎಂದಳು. ನೆಲದ ಮೇಲೆ ಮಲಗಿ ತೋರಿಸಿದೆ. ಅವಳನ್ನು ಮುಟ್ಟಲಿಲ್ಲ. ಮಾಡುವ ಮೊದಲು ಹಾಸನದಲ್ಲಿ ನಿನ್ನನ್ನು ನೋಡುವ ಡಾಕ್ಟರನ್ನು ಒಂದು ಮಾತು ಕೇಳು ಎಂದು ಎರಡು ಸಲ ಹೇಳಿದೆ.

ಅಲ್ಲಿಂದ ಅರಕಲಗೂಡಿನ ಕಡೆಯ ನನ್ನೂರಿಗೆ ಹೋಗಲು ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದೆ. "ಯಾವೂರ್ ಕಣವ್ವಾ?" ಎಂದಿತು ಹಿಂದಿನಿಂದ ಒಂದು ಧ್ವನಿ. ಅದೇ ಧ್ವನಿ, ಅದೇ ಎಳೆತ. ಬೆಂಚಿನ ಅಂಚು ಹಿಡಿದುಕೊಂಡೆ. ಹೇಗೋ ತಿರುಗಿದೆ. ಯಾರೋ ಮುದುಕರು, ಪಕ್ಕದ ಬೆಂಚಿನ ಹೆಂಗಸನ್ನು ಮಾತಾಡಿಸುತ್ತಿದ್ದರು. ಅವರಲ್ಲ.

ಆ ಊರಿನಲ್ಲಿ ಎಲ್ಲರೂ ಮಾತಾಡುವುದು ಹಾಗೆಯೇ. ನಾನು ಮಾತಾಡುವುದೂ ಹಾಗೆಯೇ. ಬಸ್ಸು ಬರುವವರೆಗೆ ಬೆಂಚು ಬಿಟ್ಟು ದೂರದ ಕಂಬದ ಹತ್ತಿರ ಹೋಗಿ ನಿಂತೆ.