ತಂಪಿಗೊಂದು ಲೋಟ ಪಾನಕ

ಕಳೆದ ವಾರ ರಾಯದುರ್ಗದಲ್ಲಿ ನನ್ನ ಚಿಕ್ಕಮ್ಮ ಒಂದು ಲೋಟ ಬೆಲ್ಲದ ಪಾನಕ ಕೊಟ್ಟರು. ಹೊರಗೆ ಸುಡು ಬಿಸಿಲು. ಗಂಟಲು ಒಣಗಿತ್ತು. ಆದರೂ ಲೋಟವನ್ನು ಕೈಯಲ್ಲೇ ಹಿಡಿದು ಕೂತೆ.

ಅಂದು ಅವರ ಮಗಳು ರೇಣುಕಾಳ ದಿವಸದ ಕಾರ್ಯ. ಫೋಟೋ ಮುಂದೆ ಎಡೆ, ಪಕ್ಕದಲ್ಲಿ ಒಂದು ಚೊಂಬು ಪಾನಕ. "ಬಾಯಾರಿಕೆ, ಬಾಯಾರಿಕೆ ಅಂತಿದ್ಲಪ್ಪಾ," ಅಂದರು ಚಿಕ್ಕಮ್ಮ.

ರೇಣುಕಾ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಟೈಲರ್. ಇಡೀ ದಿನ ತಗಡಿನ ಶೀಟಿನ ಕೆಳಗೆ ಕೆಲಸ. ಈ ಬೇಸಿಗೆಯಲ್ಲಿ ಅವಳಿಗೆ ವಿಪರೀತ ದಾಹ ಶುರುವಾಯಿತು. ಎಷ್ಟು ಕುಡಿದರೂ ಸಾಲದು. ಮತ್ತೆ ಮತ್ತೆ ಬಚ್ಚಲಿಗೆ ಓಟ. ಮೈ ಇಳಿಯಿತು. ಸಡಿಲಾದ ಚೂಡಿದಾರವನ್ನು ತಾನೇ ಹೊಲಿದು ಬಿಗಿ ಮಾಡಿಕೊಂಡಳು. ಜೊತೆಯವರು ಏನಂದರು ಗೊತ್ತಾ? "ಭಾಳ ಸ್ಲಿಮ್ ಆಗೀಯಲ್ಲೇ!"

ಮನೆಯಲ್ಲಿ ಒಂದೇ ಮಾತು: "ಉಷ್ಣ ಆಗೇತಿ." ಪಕ್ಕದ ಅಂಗಡಿಯ ತೆಲುಗಿನ ಅಕ್ಕನದೂ ಅದೇ ಮಾತು: "ವೇಡಿ ಚೇಸಿಂದಮ್ಮಾ." (ನಮ್ಮದು ಎರಡು ಭಾಷೆಯ ಊರು. ತಪ್ಪನ್ನೂ ಎರಡು ಭಾಷೆಯಲ್ಲಿ ಮಾಡುತ್ತೇವೆ.)

ಉಷ್ಣಕ್ಕೆ ಮದ್ದೇನು? ತಂಪು. ತಂಪೆಂದರೆ? ಬೆಲ್ಲದ ಪಾನಕ, ಕಬ್ಬಿನ ಹಾಲು, ಗ್ಲೂಕೋಸ್ ಪುಡಿ. ಚಿಕ್ಕಮ್ಮ ಬಾಟಲಿ ತುಂಬಿ ಕೆಲಸಕ್ಕೂ ಕಳಿಸಿದರು. ಸುಸ್ತು ಹೆಚ್ಚಾದಾಗ ಬೀದಿಯ ಡಾಕ್ಟರು (ಡಿಗ್ರಿ ಕೇಳಬೇಡಿ) ಕೈಗೆ ಗ್ಲೂಕೋಸ್ ಬಾಟಲಿಯನ್ನೇ ಏರಿಸಿದರು.

ಆಮೇಲೆ ವಾಂತಿ, ಏದುಸಿರು. ಬಳ್ಳಾರಿಗೆ ಒಯ್ಯುವ ಹೊತ್ತಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗಿದ್ದವನು ನಾನು. ಬೆರಳು ಚುಚ್ಚಿದರು. ಶುಗರ್ ಮಷಿನ್ ಅಂಕಿಯನ್ನೇ ತೋರಿಸಲಿಲ್ಲ.

"ಅದರ ಅಳತೀನೂ ಮೀರೇತ್ರಿ," ಅಂದರು ಡಾಕ್ಟರ್. "ಮೊದಲೇ ಇನ್ಸುಲಿನ್ ಸಿಕ್ಕಿದ್ರ ಇಷ್ಟಕ್ಕ ಬರ್ತಿರಲಿಲ್ಲ. ಇಷ್ಟು ದಿನ ಏನ್ ಕೊಟ್ರಿ?"

ಹೇಳಿದೆ. ಅವರು ಕೂಡಲೇ ಇನ್ಸುಲಿನ್ ಶುರು ಮಾಡಿದರು. ಮರುದಿನ ರೇಣುಕಾ ಹೋದಳು.

ಆಮೇಲೆ ಮೊಬೈಲಿನಲ್ಲಿ ಓದಿದೆ. ಚೀನಾದ ಹಳೆಯ ವೈದ್ಯರೂ ಈ ಸಕ್ಕರೆ ಕಾಯಿಲೆಯನ್ನು ಒಣ ಉಷ್ಣ ಅಂತಲೇ ತಿಳಿದಿದ್ದರಂತೆ. ದಾಹ, ಮೈ ಸವೆಯುವುದು, ಎಲ್ಲ ಬರೆದಿಟ್ಟಿದ್ದರಂತೆ. ಆದರೆ ರೋಗಿಯ ಮೂತ್ರ ಸಿಹಿ ಅನ್ನುವುದನ್ನೂ ಅವರು ಗಮನಿಸಿದ್ದರು! ನಮ್ಮ ಮನೆಯಲ್ಲಿ? ಬಚ್ಚಲಿಗೆ ಇರುವೆ ಮುತ್ತಿದಾಗ ಚಿಕ್ಕಮ್ಮ ಇರುವೆ ಪುಡಿ ಉದುರಿಸಿದರು.

ನನಗೆ ಸಿಟ್ಟಿದೆ. ಒಂದು ಹನಿ ರಕ್ತ ನೋಡದೆ ಬಾಟಲಿ ಏರಿಸಿದವನ ಮೇಲಿದೆ. ಪ್ರತಿ ಸಂಕಟಕ್ಕೂ "ಉಷ್ಣ" ಅಂದು ಕೈತೊಳೆದುಕೊಳ್ಳುವ ನಮ್ಮೆಲ್ಲರ ಮೇಲಿದೆ. ಆದರೆ ಮಗಳಿಗಾಗಿ ಬೆಲ್ಲ ಕುಟ್ಟಿದ ತಾಯಿಯ ಮೇಲೆ ಹೇಗೆ ಸಿಟ್ಟಾಗಲಿ? ಅವರಿಗೆ ನಿಜ ಇನ್ನೂ ಗೊತ್ತಿಲ್ಲ. ಬಿಸಿಲು ಬಡಿಯಿತು ಅಂತಷ್ಟೇ ಹೇಳಿದ್ದೇನೆ.

"ಕುಡಿಯಪ್ಪಾ, ನಿನಗೂ ಉಷ್ಣ ಆದೀತು," ಅಂದರು ಚಿಕ್ಕಮ್ಮ. ಆಮೇಲೆ ಫೋಟೋ ಕಡೆ ನೋಡುತ್ತಾ ಮೆಲ್ಲಗೆ ಕೇಳಿದರು: "ಇನ್ನೂ ಸ್ವಲ್ಪ ಜಾಸ್ತಿ ಪಾನಕ ಕೊಟ್ಟಿದ್ರ ಉಳೀತಿದ್ಲೇನಪ್ಪಾ?"

ನಾನು ಲೋಟ ಖಾಲಿ ಮಾಡಿದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?